ಬ್ರೇಕ್ ಇಲ್ಲದ ಗಂಟೆ

ಸೆಪ್ಟೆಂಬರ್ 4, ಸೋಮವಾರ

ಒಂದು ಚೀಲ, ಒಂದು ಲ್ಯಾಪ್‌ಟಾಪ್ ಮತ್ತು ಎರಡಕ್ಕಿಂತಲೂ ಭಾರವಾದ ಅವಮಾನವನ್ನು ಹೊತ್ತು, ಸಿನಿವ ಎಂಬ ಹೆಸರಿನ ನಾನು ನಮ್ಮ ದ್ವೀಪದ ರಾಜಧಾನಿ ಆಪಿಯಾದ ಕಂಪ್ಯೂಟರ್ ಕಾಲೇಜಿನಿಂದ ಗಡಿಪಾರಾಗಿ ಇಂದು ಸಂಜೆ ಸ್ವಗ್ರಾಮ ಫಲೇಉಲುವಿಗೆ ಬಂದಿಳಿದೆ. ಅಪರಾಧ: ಪ್ರಿನ್ಸಿಪಾಲರು ಅತಿಥಿಗಳನ್ನು ಕರೆದುಕೊಂಡು ಲ್ಯಾಬಿಗೆ ಕಾಲಿಟ್ಟ ಕ್ಷಣ ಅಲ್ಲಿದ್ದ ಅಷ್ಟೂ ಕಂಪ್ಯೂಟರುಗಳು ಒಟ್ಟಿಗೆ ಹಂದಿಯಂತೆ ಕಿರುಚಿದ್ದು. ಶಿಕ್ಷೆ: ಒಂದು ತಿಂಗಳು ಮನೆಯಲ್ಲಿರುವುದು. ಎಲ್ಲವೂ ಒಂದೇ ಶ್ರುತಿಯಲ್ಲಿ ಕಿರುಚಿದವು ಎಂಬುದನ್ನು ಮಾತ್ರ ಯಾರೂ ಗಮನಿಸಲಿಲ್ಲ. ಕಲೆಗೆ ಇದು ಕಾಲವಲ್ಲ.

ನಾನು ಬಸ್ಸಿನಿಂದ ಕಾಲು ಕೆಳಗಿಡುವುದಕ್ಕೂ ಊರ ಗಂಟೆ ಕಾಯುವ ಪೆನಾಯ ತಾತ ಎರಡನೇ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು. ಮೊದಲ ಗಂಟೆಗೆ ಎಲ್ಲರೂ ಮನೆ ಸೇರಬೇಕು. ಎರಡನೆಯದಕ್ಕೆ ಪ್ರಾರ್ಥನೆಗೆ ಕೂರಬೇಕು. ಮೂರನೆಯದು ಹೊಡೆಯುವ ತನಕ ನಾಯಿ ಕೋಳಿ ಬಿಟ್ಟರೆ ಬೇರೆ ಯಾವ ಜೀವವೂ ಊರಲ್ಲಿ ಓಡಾಡಕೂಡದು. ಇದು ‘ಸಾ’, ಸಂಜೆಯ ಪ್ರಾರ್ಥನೆಯ ಕಟ್ಟಳೆ. ಇದನ್ನು ಕಾಯಲು ಊರಿನ ಹುಡುಗರು ಒಂದೇ ಬಣ್ಣದ ಪಂಚೆಯುಟ್ಟು ರಸ್ತೆಬದಿಯಲ್ಲಿ ನಿಂತಿರುತ್ತಾರೆ. ಇಂದು ನನ್ನೆದುರು ನಿಂತಿದ್ದವನು ನನ್ನ ಸ್ವಂತ ಅಣ್ಣ ಮಲೇಕೊ.

“ಕೂತ್ಕೊ,” ಅಂದ.

“ಮನೆ ಅಲ್ಲೇ ಕಾಣ್ತಿದೆ ಕಣೋ. ಇಲ್ಲಿಂದ ಕಲ್ಲು ಎಸೆದ್ರೆ ಅಮ್ಮಂಗೆ ತಗಲುತ್ತೆ.”

“ಕಲ್ಲು ಹೋಗ್ಲಿ, ಬೇಡ ಅನ್ನಲ್ಲ. ನೀನು ಕೂತ್ಕೊ.”

ಕೂತೆ. ಇರುವೆ ಗೂಡಿನ ಮೇಲೆ ಕೂತಿದ್ದೇನೆ ಎಂದು ಗೊತ್ತಾಗುವ ಹೊತ್ತಿಗೆ ಇರುವೆಗಳಿಗೂ ಅದು ಗೊತ್ತಾಗಿತ್ತು. ಮೂರನೇ ಗಂಟೆ ಬರಲೇ ಇಲ್ಲ. ಪೆನಾಯ ತಾತ ಪ್ರಾರ್ಥನೆ ಮಾಡುತ್ತ ಮಾಡುತ್ತ ಎಂದಿನಂತೆ ನಿದ್ದೆಹೋಗಿದ್ದನಂತೆ. ಕೊನೆಗೆ ಅವನ ಕೋಳಿ ಅವನ ಹೊಟ್ಟೆಯ ಮೇಲೆ ಹತ್ತಿ ಎಬ್ಬಿಸಿತಂತೆ.

ಮನೆಯ ಬಾಗಿಲಲ್ಲಿ ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಬಂದ್ಯಾ? ಹಂದಿಗಳು ಹಿಂದಗಡೆ ಇವೆ, ಮಾತಾಡಿಸ್ಕೊಂಡು ಬಾ. ನಿನ್ ಕಂಪ್ಯೂಟರ್‌ಗಿಂತ ಚೆನ್ನಾಗಿ ಕಿರುಚ್ತಾವೆ.”

ಹಲಸಿನ ಜಾತಿಯ ಮರವೊಂದರ ಕೊಂಬೆಗೆ ನೇತುಬಿದ್ದಿರುವ, ತುಕ್ಕು ಹಿಡಿದ, ನಮ್ಮ ಊರಿಗೆ ಗಂಟೆಯೆನಿಸಿಕೊಂಡ ಆ ಹಳೇ ಗ್ಯಾಸ್ ಸಿಲಿಂಡರಿನ ಮೇಲೆ ಸೇಡು ತೀರಿಸಿಕೊಳ್ಳದೆ ನಾನು ಆಪಿಯಾಕ್ಕೆ ಮರಳುವುದಿಲ್ಲ. ಇದು ಪ್ರತಿಜ್ಞೆ. ಇರುವೆಗಳು ಸಾಕ್ಷಿ.

ಸೆಪ್ಟೆಂಬರ್ 6, ಬುಧವಾರ

ಶತ್ರುವಿನ ಸೇನಾಪತಿಯೇ ಮನೆಗೆ ಬಂದ. ಪೆನಾಯ ತಾತ ನಮ್ಮ ಕಂಬಕ್ಕೆ ಒರಗಿ ಕೂತು, ಅಮ್ಮ ಕೊಟ್ಟ ಬಿಸಿ ಕೊಕೊ ಊದಿ ಊದಿ ಕುಡಿದು, ಆ ಕಡೆ ಈ ಕಡೆ ನೋಡಿ ಕೇಳಿದ:

“ಏ ಹುಡುಗಿ, ಕಂಪ್ಯೂಟರ್ರು ಗಂಟೆ ಹೊಡೆಯುತ್ತಾ?”

“ಹೊಡೆಯುತ್ತೆ ತಾತ. ಹೇಳ್ಕೊಟ್ರೆ ಹಂದಿ ಥರಾನೂ—”

“ಗೊತ್ತು, ಗೊತ್ತು. ದ್ವೀಪಕ್ಕೆಲ್ಲ ಗೊತ್ತು.”

ಸಂಗತಿ ಇಷ್ಟು. ತಾತನ ಒಬ್ಬಳೇ ಮಗಳು ಲೂಪೆ ಕಡಲಾಚೆಯ ಸವಾಯಿ ದ್ವೀಪಕ್ಕೆ ಮದುವೆಯಾಗಿ ಹೋದವಳು. ಈಗ ಚೊಚ್ಚಲ ಬಸುರಿ, ಈ ತಿಂಗಳ ಕೊನೆಗೆ ದಿನ ತುಂಬುತ್ತದೆ. ತಾಯಿ ಇಲ್ಲ. ಅಪ್ಪ ಬರಬೇಕು ಅನ್ನುತ್ತಿದ್ದಾಳೆ. ಆದರೆ ಗಂಟೆ ಹೊಡೆಯುವ ಕಬ್ಬಿಣದ ಸಲಾಕೆ ತಾತನ ಮನೆತನದ್ದು. ಅವನ ಅಪ್ಪ ಹೊಡೆಯುತ್ತಿದ್ದ, ಅಪ್ಪನ ಅಪ್ಪ ಶಂಖ ಊದುತ್ತಿದ್ದ. ಬೇರೆ ಕೈ ಮುಟ್ಟುವ ಹಾಗಿಲ್ಲ. ಆ ಮನೆತನದಲ್ಲಿ ಈಗ ಉಳಿದಿರುವ ಕೈ ಅವನೊಬ್ಬನದೇ.

“ಅಂದ್ರೆ ತಾತ, ನೀನು ಒಂದು ಸಂಜೇನೂ ಊರು ಬಿಟ್ಟು ಹೋಗಿಲ್ವಾ?”

“ಲೂಪೆ ಮದ್ವೆಗೆ ಹೋಗಿದ್ನಲ್ಲ! ಊಟಕ್ಕೂ ಕೂತಿದ್ದೆ. ಹಂದಿ ಬಡಿಸೋಕೆ ಮುಂಚೆ ಎದ್ದು ಹಡಗು ಹಿಡಿದೆ. ಗಂಟೆ ಹೊಡೀಬೇಕಿತ್ತಲ್ಲ.” ಅವನು ನಕ್ಕ. “ಆ ಹಂದಿ ಹೆಂಗಿತ್ತು ಅಂತ ಇವತ್ತಿಗೂ ಕೇಳ್ಕೊಂಡು ಓಡಾಡ್ತೀನಿ.”

ನಾನೂ ನಕ್ಕೆ. ಆಮೇಲೆ ಅವನು ಇನ್ನೊಂದು ಲೋಟ ಕೊಕೊ ಕುಡಿದ.

ಗಂಟೆಯಂತ್ರ ಮಾಡಿಕೊಡುತ್ತೇನೆಂದು ಗಂಭೀರವಾಗಿ ಒಪ್ಪಿಕೊಂಡೆ. ಇಡೀ ಊರನ್ನು ಕೂರಿಸಿ ಏಳಿಸುವ ಅಧಿಕಾರ ಕೇಳದೇ ಮನೆಗೆ ಬಂದಿದೆ. ನಾನು ಆಪಿಯಾಕ್ಕೆ ಹೊರಡುವ ಕೊನೆಯ ಸಂಜೆ ಯಂತ್ರ ಏನಾದರೂ ಒಂದು ಹೆಚ್ಚಿನ ಸೇವೆ ಸಲ್ಲಿಸಲಿದೆ. ಏನೆಂದು ಇನ್ನೂ ತೀರ್ಮಾನಿಸಿಲ್ಲ. ಇಂಥ ವಿಷಯದಲ್ಲಿ ಅವಸರ ಸಲ್ಲದು.

ಸೆಪ್ಟೆಂಬರ್ 8, ಶುಕ್ರವಾರ

ಯಜಮಾನರ ಸಭೆ. ಊರಿನ ಮಟಾಯಿ ಯಜಮಾನರೆಲ್ಲ ದೊಡ್ಡ ಮನೆಯಲ್ಲಿ ತಂತಮ್ಮ ಕಂಬಕ್ಕೆ ಒರಗಿ ಕೂತಿದ್ದರು. ಎಲ್ಲರಿಗಿಂತ ದೊಡ್ಡ ಕಂಬಕ್ಕೆ ಎಲ್ಲರಿಗಿಂತ ದೊಡ್ಡ ಯಜಮಾನರು, ಲೆಮಾನ. ನಾನು ಅಂಚಿನಲ್ಲಿ ಚಕ್ಕಳಮಕ್ಕಳ ಹಾಕಿ, ತಲೆ ತಗ್ಗಿಸಿ, ಜಗತ್ತಿನಲ್ಲಿ ಹಂದಿ ಎಂಬ ಪ್ರಾಣಿಯೇ ಇಲ್ಲವೆಂಬ ಮುಖ ಮಾಡಿಕೊಂಡು ಕೂತೆ.

“ಯಂತ್ರಕ್ಕೆ ಯಾವ ಗಂಟೆ ಯಾವಾಗ ಅಂತ ಹೆಂಗ್ ಗೊತ್ತಾಗುತ್ತೆ?” ಲೆಮಾನ ಕೇಳಿದರು.

“ಪ್ರೋಗ್ರಾಮಿನೊಳಗೆ ಸ್ವಿಚ್ ಅಂತ ಬರೀತೀವಿ ಯಜಮಾನ್ರೇ. ಗೋಡೆ ಮೇಲಿನ ಸ್ವಿಚ್ ಅಲ್ಲ. ಇದು ನಮ್ಮೂರ ಬಸ್ ದಾರಿ ಇದ್ದಂಗೆ, ಸಾಲಾಗಿ ನಿಲ್ದಾಣಗಳು. ಒಂದೊಂದು ನಿಲ್ದಾಣಕ್ಕೆ ಒಂದೊಂದು ಕೇಸ್ ಅಂತೀವಿ. ಗಡಿಯಾರ ಒಂದು ಅಂದ್ರೆ ಸೀದಾ ಒಂದನೇ ಕೇಸಿಗೆ ಹೋಗುತ್ತೆ, ಮೊದಲ ಗಂಟೆ ಹೊಡೆಯುತ್ತೆ. ಎರಡು ಅಂದ್ರೆ ಎರಡನೇದಕ್ಕೆ. ಮೂರು ಅಂದ್ರೆ ಮೂರನೇದಕ್ಕೆ.”

“ಹೊಡೆದಾದ್ಮೇಲೆ?”

“ಬ್ರೇಕ್ ಅಂತ ಬರೆದಿರ್ತೀವಿ. ಅಲ್ಲಿಗೆ ನಿಲ್ಲುತ್ತೆ.”

“ಬರೀದಿದ್ರೆ?”

“ನಿಲ್ದಾಣ ಬಂದಾಗ ದಾರ ಎಳೀದೇ ಕೂತ್ರೆ ಬಸ್ಸು ಮುಂದಿನೂರಿಗೆ ಹೋಗುತ್ತಲ್ಲ, ಹಂಗೆ. ಆದ್ರೆ ಬರೀದೇ ಯಾಕಿರ್ತೀವಿ?” ಎಂದು ನಾನು ನಕ್ಕೆ. ಲೆಮಾನ ನಗಲಿಲ್ಲ.

ಆಮೇಲೆ ಯಜಮಾನರಿಗೆಲ್ಲ ಹುರುಪು ಬಂತು. ಒಬ್ಬರಿಗೆ ಸಾವಿನ ಮನೆಯಿದ್ದ ದಿನ ಮೆತ್ತಗೆ ಹೊಡೆಯುವ ಕೇಸ್ ಬೇಕು. ಒಬ್ಬರಿಗೆ ಮಳೆ ಬಂದರೆ ಒಗೆದ ಬಟ್ಟೆ ಎತ್ತಿಕೊಳ್ಳುವಷ್ಟು ಬಿಡುವಿರಬೇಕು. ಇನ್ನೊಬ್ಬರು ತಮ್ಮ ಹೆಂಡತಿ ಬಿಂಗೋ ಆಟದಿಂದ ಮನೆಗೆ ಬರಲು ಬೇರೆಯೇ ಗಂಟೆ ಬೇಕೆಂದರು. ಲೆಮಾನ ಬೀಸಣಿಗೆಯಿಂದ ನೆಲ ಕುಟ್ಟಿದರು.

“ಮೂರು ಗಂಟೆ. ಮೂರೇ. ಸೋಮವಾರದಿಂದ ಶನಿವಾರದ ತನಕ ಯಂತ್ರ ಹೊಡೀಲಿ. ಒಂದು ದಿನಾನೂ ತಪ್ಪದೇ ಇದ್ರೆ ಪೆನಾಯ ಮಗಳ ಹತ್ರ ಹೋಗ್ಲಿ. ತಪ್ಪಿದ್ರೆ ಇಲ್ಲ. ನಡುವೆ ಯಾರಾದ್ರೂ ಕೈಲಿ ಹೊಡೆದ್ರೆ ಅದೂ ತಪ್ಪಿದ ಲೆಕ್ಕ. ಇದು ಆಟ ಅಲ್ಲ ಹುಡುಗಿ.”

“ಅಲ್ಲ ಯಜಮಾನ್ರೇ.”

ಪೆನಾಯ ತಾತ ಆಚೆ ಹುಲ್ಲಿನ ಮೇಲೆ ಕೂತು ಒಂದೊಂದು ಮಾತನ್ನೂ ಕೇಳಿಸಿಕೊಳ್ಳುತ್ತಿದ್ದ.

ಸಭೆ ಮುಗಿದು ಊಟವಾಯಿತು. ಟಾರೊ ಗೆಡ್ಡೆ, ತೆಂಗಿನಹಾಲಿನ ಸೊಪ್ಪು, ಹಂದಿ. ಊಟದ ಮೇಲೆ ಲೆಮಾನ ಕಂಬಕ್ಕೊರಗಿದಂತೆಯೇ ನಿದ್ದೆಹೋದರು. ಆಗ ಹೊರಟ ಗೊರಕೆಯನ್ನು ನಾನು ವರ್ಣಿಸಲಾರೆ. ದೋಣಿಯನ್ನು ಮರಳಿನ ಮೇಲೆ ಎಳೆದಂತೆ ಶುರುವಾಗಿ, ನಡುವೆ ಸೀಟಿ ಊದಿ, ಕೊನೆಗೆ ಯಾರೋ ಮುಳುಗಿದಂತೆ ಮುಗಿಯುತ್ತದೆ. ತಟ್ಟೆ ಎತ್ತಲು ಬಂದ ನನ್ನ ಕೈಯಲ್ಲಿ ಫೋನಿತ್ತು. ಫೋನಿನಲ್ಲಿ ರೆಕಾರ್ಡ್ ಮಾಡುವ ಗುಂಡಿಯಿತ್ತು. ಇದನ್ನು ವಿಧಿ ಎನ್ನದೆ ಇನ್ನೇನೆನ್ನಲಿ?

ಸೆಪ್ಟೆಂಬರ್ 9, ಶನಿವಾರ

ಯಂತ್ರ ಸಿದ್ಧ. ನನ್ನ ಅಂಗೈಯಗಲದ ಕಂಪ್ಯೂಟರ್ ಬೋರ್ಡು, ಚರ್ಚಿನ ಯುವಕರ ಸಂಘದ ಹಳೇ ಸ್ಪೀಕರು, ಅದೇ ಸಿಲಿಂಡರಿನ ಧ್ವನಿಮುದ್ರಣ. ಕೇಸ್ ಒಂದು, ಕೇಸ್ ಎರಡು, ಕೇಸ್ ಮೂರು. ಎರಡಕ್ಕೂ ಮೂರಕ್ಕೂ ನಡುವೆ, ಯಾರ ಕಣ್ಣಿಗೂ ಬೀಳದಂತೆ, ಗುಟ್ಟಾದ ಇನ್ನೊಂದು ಕೇಸ್. ಅದರಲ್ಲಿ ಮಹಾ ಗೊರಕೆ. ನಾನು ಊರು ಬಿಡುವ ಹಿಂದಿನ ಸಂಜೆಯ ತನಕ ಅದು ಅಲ್ಲಿ ತೆಪ್ಪಗೆ ಮಲಗಿರುತ್ತದೆ.

ಯಾವುದಕ್ಕೂ ಸೇರದ ಅಂಕಿ ಬಂದರೆ ಏನು ಮಾಡಬೇಕು ಅಂತ ಬರೆಯಲು ಕೊನೆಯಲ್ಲಿ ಡಿಫಾಲ್ಟ್ ಅಂತ ಒಂದು ಜಾಗವಿರುತ್ತದೆ. ಅದನ್ನು ಖಾಲಿ ಬಿಟ್ಟೆ. ಇರುವುದೇ ಮೂರು ಗಂಟೆ, ಅದೂ ದಿನಾ ಒಂದೇ ಹೊತ್ತಿಗೆ. ಇನ್ನೇನು ಬರಲು ಸಾಧ್ಯ?

ಪರೀಕ್ಷೆ ಮಾಡುವುದೇ ಕಷ್ಟವಾಯಿತು. ಹೊತ್ತಲ್ಲದ ಹೊತ್ತಿನಲ್ಲಿ ಮೊದಲ ಗಂಟೆ ಹೊಡೆದರೆ ಜನ ಒಲೆಯ ಮೇಲಿಟ್ಟದ್ದನ್ನೂ ಬಿಟ್ಟು ಮನೆಗೋಡುತ್ತಾರೆ. ಎರಡನೆಯದು ಹೊಡೆದರೆ ಇದ್ದಲ್ಲೇ ಪ್ರಾರ್ಥನೆಗೆ ಕೂರುತ್ತಾರೆ. ಎರಡಕ್ಕೂ ಲೆಮಾನರ ನಿಷೇಧ. ಮೂರನೆಯದು ಮಾತ್ರ ನಿರುಪದ್ರವಿ, ಅದು ‘ಮುಗೀತು, ಏಳಿ’ ಅನ್ನುವ ಗಂಟೆ. ಎದ್ದೇ ಇರುವವರನ್ನು ಏಳಿ ಅಂದರೆ ಯಾರಿಗೇನು ನಷ್ಟ? ಹಾಗಾಗಿ ಮೂರನೆಯದನ್ನೇ ಮತ್ತೆ ಮತ್ತೆ ಹೊಡೆಸಿ ನೋಡಿದೆ. ಪ್ರತಿ ಸಲವೂ ಮುತ್ತಿನಂತೆ ಒಂದೇ ಸಲ ಹೊಡೆದು ನಿಂತಿತು.

ಪೆನಾಯ ತಾತ ಬಟ್ಟೆ ಮಡಚಿಡಲು ಶುರುಮಾಡಿದ್ದಾನೆ. ಅವನಿಗಿರುವುದೇ ಮೂರು ಅಂಗಿ. ಅದರಲ್ಲೊಂದು ಮದುವೆ ಮನೆಯಿಂದ ಊಟ ಬಿಟ್ಟು ಎದ್ದು ಬಂದದ್ದು.

ಸೆಪ್ಟೆಂಬರ್ 11, ಸೋಮವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಸಂಜೆಯಾಯಿತು. ಮೊದಲ ಗಂಟೆ ಹೊಡೆಯಿತು. ಸೊಗಸಾಗಿ ಹೊಡೆಯಿತು. ಸಮುದ್ರದ ದಂಡೆಯಲ್ಲಿ ವಾಲಿಬಾಲ್ ಆಡುತ್ತಿದ್ದವರು ಚೆಂಡು ಬಿಟ್ಟು ಮನೆಯ ಕಡೆ ತಿರುಗಿದರು. ನಾನು ಎದೆ ಉಬ್ಬಿಸಿ ಪೆನಾಯ ತಾತನ ಮುಖ ನೋಡಿದೆ. ಅಷ್ಟರಲ್ಲಿ ಉಸಿರು ಬಿಡುವಷ್ಟೂ ಬಿಡುವಿಲ್ಲದೆ ಎರಡನೇ ಗಂಟೆ ಹೊಡೆಯಿತು. ಓಡುತ್ತಿದ್ದವರು ರಸ್ತೆಯ ನಡುವೆಯೇ ಕುಕ್ಕರಿಸಿದರು. ಬಿಂಗೋದಿಂದ ಬರುತ್ತಿದ್ದ ಹೆಂಗಸರು ಬೇರೆಯವರ ಟಾರೊ ತೋಟದಲ್ಲಿ ಕೈಮುಗಿದು ಕೂತರು. ಊರೆಲ್ಲ ಗಪ್‌ಚಿಪ್. ಆ ಪವಿತ್ರ ಮೌನದಲ್ಲಿ, ಯುವಕರ ಸಂಘದ ಸ್ಪೀಕರಿನಿಂದ, ಬೆಟ್ಟಕ್ಕೆ ಬಡಿದು ಮಾರ್ದನಿಸುವಂತೆ, ಲೆಮಾನ ಯಜಮಾನರ ಗೊರಕೆ ಹೊರಟಿತು.

ಪೂರ್ತಿ ಹೊರಟಿತು. ಮರಳು, ಸೀಟಿ, ಮುಳುಗುವುದು, ಎಲ್ಲ.

ತಕ್ಷಣ ಮೂರನೇ ಗಂಟೆ. ಮುಗೀತು, ಏಳಿ.

ಯಾರೂ ಏಳಲಿಲ್ಲ. ದೊಡ್ಡ ಮನೆಯ ಕಡೆಯಿಂದ ಲೆಮಾನರ ಹೆಂಡತಿಯ ನಗು ಮಾತ್ರ ಕೇಳಿಸಿತು. ಅದನ್ನು ತಡೆಯಲು ಅವರು ಬಾಯಿಗೆ ಏನೋ ತುರುಕಿಕೊಂಡಂತಿತ್ತು.

“ಇದು ಬೇಕಂತ ಮಾಡಿದ್ದಲ್ಲ!” ಅಂದೆ.

“ಗೊರಕೆ ತಾನಾಗೇ ಬಂತಾ?” ಮಲೇಕೊ ಕೇಳಿದ.

ನಿಜ ಹೇಳಿದರೂ ಸುಳ್ಳಿನ ಹಾಗೆ ಕೇಳಿಸಿತು. ನನ್ನ ಬಾಯಲ್ಲಿ ಅದು ಮೊದಲ ಸಲ ಏನಲ್ಲ, ಆದರೆ ಇವತ್ತು ಅದು ನಿಜವೇ ಆಗಿತ್ತು.

ಸೆಪ್ಟೆಂಬರ್ 12, ಮಂಗಳವಾರ

ತೀರ್ಪು: ಯಂತ್ರ ನಿಂತಿತು. ತಾತ ಎಲ್ಲಿಗೂ ಹೋಗುವಂತಿಲ್ಲ.

ತಪ್ಪು ಸಿಕ್ಕಿತು. ಹುಡುಕಿದ್ದಲ್ಲ, ತೆರೆದ ಕೂಡಲೇ ಕಣ್ಣಿಗೆ ಹೊಡೆಯಿತು. ಒಂದನೇ ಕೇಸಿನ ಕೊನೆಯಲ್ಲಿ ಬ್ರೇಕ್ ಇಲ್ಲ. ಎರಡನೆಯದಕ್ಕಿಲ್ಲ. ಗುಟ್ಟಿನದಕ್ಕೂ ಇಲ್ಲ. ಮೂರನೆಯದರ ಕೊನೆಯಲ್ಲಿ ಮಾತ್ರ ಅಂದವಾಗಿ, ಗುಂಡಗೆ, ಬ್ರೇಕ್ ಕೂತಿದೆ. ಒಂದರಿಂದ ಹೊರಟ ಬಸ್ಸು ಎಲ್ಲೂ ನಿಲ್ಲದೆ ಎಲ್ಲ ನಿಲ್ದಾಣದ ಕೆಲಸವನ್ನೂ ಮಾಡಿಕೊಂಡು ಮೂರರಲ್ಲಿ ನಿಂತಿದೆ. ನಾನು ಪರೀಕ್ಷಿಸಿದ್ದು ಮೂರನೆಯದನ್ನೊಂದೇ. ಕೊನೆಯ ನಿಲ್ದಾಣದಲ್ಲಿ ಹತ್ತಿ ಅಲ್ಲೇ ಇಳಿದು, ಬಸ್ಸು ಸರಿಯಾಗಿ ನಿಲ್ಲುತ್ತದೆ ಎಂದು ಪ್ರಮಾಣಪತ್ರ ಕೊಟ್ಟ ಹಾಗೆ.

ಸಂಜೆ ತಾತ ಸಲಾಕೆ ತೆಗೆದುಕೊಂಡು ಹೋಗಿ ಗಂಟೆ ಹೊಡೆದ. ಮೂರನೆಯದನ್ನೂ ಹೊತ್ತಿಗೆ ಸರಿಯಾಗಿ ಹೊಡೆದ. ನಿದ್ದೆ ಬಂದಿರಲಿಲ್ಲ ಅಂತ ಕಾಣುತ್ತದೆ. ಆಮೇಲೆ ಅಂಗಳದಲ್ಲಿ ನಿಂತು ಫೋನಿನಲ್ಲಿ ಲೂಪೆಗೆ ಹೇಳುತ್ತಿದ್ದ: “ಹೂಂ, ನೋಡೋಣ... ಮುಂದಿನ ಮಗೂಗೆ ಬರ್ತೀನಂತೆ, ಆಗ್ಲಾ?”

ರಾತ್ರಿ ಊಟ ಸೇರಲಿಲ್ಲ. ಟಾರೊ ಸರಿಯಾಗಿ ಬೆಂದಿರಲಿಲ್ಲ. ಮಲೇಕೊ ಬೆಂದಿತ್ತು ಅಂದ. ಅವನಿಗೆ ರುಚಿ ಗೊತ್ತಿಲ್ಲ.

ಸೆಪ್ಟೆಂಬರ್ 14, ಗುರುವಾರ

ಒಂದು ಭವ್ಯ ಉಪಾಯ ಹೊಳೆಯಿತು. ದೊಡ್ಡ ತಪ್ಪು ಮಾಡಿದವರು ನೊಂದವರ ಮನೆಮುಂದೆ ಒಳ್ಳೆ ಚಾಪೆ ಹೊದ್ದು ತಲೆ ಬಗ್ಗಿಸಿ ಕೂರುತ್ತಾರಲ್ಲ, ಹಾಗೆ ನಾನೂ ಲೆಮಾನರ ಮನೆಮುಂದೆ ಕೂರುವುದು. ಗೊರಕೆಗಾಗಿ ಚಾಪೆ ಹೊದ್ದ ಮೊದಲ ಅಪರಾಧಿಯೆಂದು ನನ್ನ ಹೆಸರು ಉಳಿಯುತ್ತದೆ. ಊರು ನಗುತ್ತದೆ, ಲೆಮಾನರೂ ನಗುತ್ತಾರೆ, ಕೆಲಸ ಮುಗಿಯುತ್ತದೆ. ಹೀಗೆ ಯೋಚಿಸಿ, ಮದುವೆಗೂ ಸಾವಿಗೂ ಮಾತ್ರ ಹೊರಬರುವ ಮನೆಯ ಚಾಪೆಯನ್ನು ಅಮ್ಮನ ಪೆಟ್ಟಿಗೆಯಿಂದ ಎಳೆದುಕೊಂಡು ಬೆಳಿಗ್ಗೆಯೇ ಹೋಗಿ ಕೂತೆ.

ಯಾರೂ ನಗಲಿಲ್ಲ. ದಾರಿಯಲ್ಲಿ ಹೋಗುವವರ ಮಾತು ನನ್ನ ಹತ್ತಿರ ಬಂದಾಗ ನಿಲ್ಲುತ್ತಿತ್ತು. ಬಿಸಿಲು ಏರಿತು. ಲೆಮಾನರ ಮನೆಯೊಳಗೆ ರೇಡಿಯೋ ಹಾಡುತ್ತಿತ್ತು, ಯಾರೂ ಹೊರಗೆ ಬರಲಿಲ್ಲ. ಎದ್ದು ಹೋಗೋಣವೆಂದುಕೊಂಡೆ. ಆಗ ಚಾಪೆಯ ಅಂಚು ಎತ್ತಿ ಯಾರೋ ಒಳಗೆ ನುಸುಳಿದರು. ಅಮ್ಮ.

“ಸರಿ ಆಚೆ,” ಅಂದಳು.

“ಅಮ್ಮ, ಇದು ನಂದು—”

“ಚಾಪೆ ನಂದು. ಸರಿ ಆಚೆ.”

ಸ್ವಲ್ಪ ಹೊತ್ತಿಗೆ ಇನ್ನೊಂದು ಕಡೆಯಿಂದ ಮಲೇಕೊನ ದೊಡ್ಡ ಭುಜ ಬಂತು. ಅವನು ಮೀನಿನ ವಾಸನೆ ಹೊಡೆಯುತ್ತಿದ್ದ. ಮೂವರೂ ಒಂದೇ ಚಾಪೆಯೊಳಗೆ ಉಸಿರಾಡುತ್ತ ಕೂತೆವು. ಒಳಗೆ ಸೆಕೆ ವಿಪರೀತ, ಬೆವರೆಲ್ಲ ಕಣ್ಣಿಗಿಳಿದು ಧಾರಾಕಾರ ಸುರಿಯಿತು. ಬೆವರಿಗೆ ಮೂಗೂ ಯಾಕೆ ಕಟ್ಟಿಕೊಳ್ಳುತ್ತದೋ ಗೊತ್ತಿಲ್ಲ.

ಮಧ್ಯಾಹ್ನ ಚಾಪೆ ಮೇಲೆದ್ದಿತು. ಎತ್ತಿದವರು ಲೆಮಾನ. ಎತ್ತಿದರೆಂದರೆ ಮನ್ನಿಸಿದಂತೆ.

“ನಾನು ಹಂಗ್ ಗೊರಕೆ ಹೊಡೀತೀನಾ?” ಕೇಳಿದರು.

“ಇಲ್ಲ ಯಜಮಾನ್ರೇ. ಸ್ಪೀಕರ್ ಸ್ವಲ್ಪ ಜೋರು ಮಾಡುತ್ತೆ.”

“ನನ್ ಹೆಂಡ್ತಿ ಸ್ಪೀಕರ್ ಕಮ್ಮಿ ಮಾಡುತ್ತೆ ಅಂತಾಳೆ.” ಅವರ ತುಟಿ ಒಂಚೂರು ಅಲ್ಲಾಡಿತು. “ಏನು ಬೇಕು ನಿಂಗೆ?”

“ಇನ್ನೊಂದ್ಸಲ ಹೊಡೆಸಿ ನೋಡ್ಬೇಕು. ನಂಗಲ್ಲ. ತಾತ ಹೋಗ್ಬೇಕು.”

ಲೆಮಾನ ಚಾಪೆ ಮಡಚಿ ಅಮ್ಮನ ಕೈಗೆ ಕೊಟ್ಟರು. “ಬರೋ ಸೋಮವಾರದಿಂದ. ಅದೇ ಮಾತು, ಅದೇ ಕಟ್ಟಳೆ. ಈ ಸಲ ಮೂರನ್ನೂ ಪರೀಕ್ಷೆ ಮಾಡು. ನನ್ನೂರಲ್ಲಿ ಮಾತ್ರ ಬೇಡ.”

ಸೆಪ್ಟೆಂಬರ್ 16, ಶನಿವಾರ

ಊರಲ್ಲಿ ಬೇಡವೆಂದರೆ ಎಲ್ಲಿ? ಕಡಲಲ್ಲಿ!

ಮಲೇಕೊನ ಟ್ರಕ್ಕಿನ ಬ್ಯಾಟರಿ ಕಳಚಿಕೊಂಡು (ಸಂಜೆಯೊಳಗೆ ವಾಪಸ್ ಕೂರಿಸಬೇಕೆಂಬ ಕರಾರಿನ ಮೇಲೆ), ಸ್ಪೀಕರು ಬೋರ್ಡು ಎಲ್ಲ ದೋಣಿಗೆ ಹಾಕಿಕೊಂಡು, ಹವಳದ ದಿಬ್ಬದ ಆಚೆಗೆ ಹೋದೆವು. ಪೆನಾಯ ತಾತ ಹುಟ್ಟು ಹಾಕಿದ. ನಾನು ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಒಂದೊಂದು ಕೇಸಿನ ಕೊನೆಗೂ ಬ್ರೇಕ್ ಬರೆದದ್ದನ್ನು ಗಟ್ಟಿಯಾಗಿ ಓದಿದೆ. ತಾತ ಒಂದೊಂದಕ್ಕೂ “ಹೂಂ” ಅಂದ.

“ಒಂದನೇದು. ಬ್ರೇಕ್.”

“ಹೂಂ.”

“ಎರಡನೇದು. ಬ್ರೇಕ್.”

“ಹೂಂ. ಗೊರಕೇದು?”

“ಅದು ಇಲ್ಲ. ಬೋರ್ಡಿನಲ್ಲಿ ಜಾಗ ಸಾಲ್ದು ಅಂತ ಅಳಿಸ್ದೆ.”

“ಅಯ್ಯೋ, ಚೆನ್ನಾಗಿತ್ತು ಕಣೇ,” ಅಂದ ತಾತ, ನಿಜವಾದ ಬೇಸರದಿಂದ.

ಒಂದನ್ನು ಹೊಡೆಸಿದೆ: ಒಂದೇ ಹೊಡೆದು ನಿಂತಿತು. ಎರಡನ್ನು ಹೊಡೆಸಿದೆ: ಎರಡೇ ಹೊಡೆದು ನಿಂತಿತು. ತಾತ ಎರಡೂ ಕೈ ಎತ್ತಿ ಕುಣಿಯಲು ಹೋಗಿ ದೋಣಿ ವಾಲಿತು, ಬ್ಯಾಟರಿ ಸ್ವಲ್ಪದರಲ್ಲಿ ಉಳಿಯಿತು. ಅಷ್ಟರಲ್ಲಿ ದಿಬ್ಬದ ಕಡೆ ನೋಡಿದರೆ ಆಕ್ಟೋಪಸ್ ಹಿಡಿಯಲು ಬಂದಿದ್ದ ಪಕ್ಕದೂರಿನ ಇಬ್ಬರು, ಎದೆಮಟ್ಟದ ನೀರಿನಲ್ಲಿ, ಟೋಪಿ ತೆಗೆದು ತಲೆಬಗ್ಗಿಸಿ ನಿಂತಿದ್ದಾರೆ.

“ಬೇಗ ಮೂರನೇದು ಹೊಡಿಯೇ,” ತಾತ ಪಿಸುಗುಟ್ಟಿದ. “ಅಲೆ ಬಂದ್ರೆ ಹೋಗ್ಬಿಡ್ತಾರೆ.”

ಸೆಪ್ಟೆಂಬರ್ 18, ಸೋಮವಾರ

ಒಂದು. ಎರಡು. ಮೂರು. ಬೇರೇನೂ ಇಲ್ಲ.

ಸೆಪ್ಟೆಂಬರ್ 19, ಮಂಗಳವಾರ

ಅದೇ. ಗಂಟೆಯ ಹೊತ್ತಿಗೆ ಸ್ಪೀಕರಿನ ಹತ್ತಿರವೇ ನಿಂತಿದ್ದೆ. ಸುಮ್ಮನೆ, ಗಾಳಿಗೆ.

ಸೆಪ್ಟೆಂಬರ್ 21, ಗುರುವಾರ

ಅದೇ. ಮಲೇಕೊ ಚರ್ಚಿನ ಮೈಕಿನಲ್ಲಿ ಕಪ್ಪೆ ಕೂಗಿಸೋಣ ಬಾ ಅಂದ. ಕೆಲಸವಿದೆ ಅಂದೆ. ನಿಜಕ್ಕೂ ಇತ್ತು: ಸ್ಪೀಕರಿನ ಮೇಲೆ ಕೋಳಿ ಕೂರದಂತೆ ಬಲೆ ಕಟ್ಟಬೇಕಿತ್ತು. ಅವನು ನನ್ನ ಹಣೆ ಮುಟ್ಟಿ ಜ್ವರ ನೋಡಿದ.

ಸೆಪ್ಟೆಂಬರ್ 22, ಶುಕ್ರವಾರ

ಬೆಳಿಗ್ಗೆ ಫೋನ್ ಬಂತು. ಲೂಪೆಗೆ ನೋವು ಶುರುವಾಗಿದೆ, ಹೇಳಿದ್ದಕ್ಕಿಂತ ಮುಂಚೆಯೇ. ತಾತ ಸಲಾಕೆ ಹಿಡಿದುಕೊಂಡೇ ಲೆಮಾನರ ಮನೆಗೆ ಓಡಿದ, ನಾನು ಹಿಂದೆ.

“ಇನ್ನೂ ನಾಳೆ ಬಾಕಿ ಇದೆ,” ಅಂದರು ಲೆಮಾನ. ತಾತ ಸಲಾಕೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಲೆಮಾನ ನನ್ನ ಕಡೆ ತಿರುಗಿದರು. “ನಾಳೆ ತಪ್ಪಲ್ಲ ತಾನೇ?”

“ತಪ್ಪಲ್ಲ ಯಜಮಾನ್ರೇ.”

“ತಪ್ಪಿದ್ರೆ ಮಲೇಕೊನ್ನ ಕಳಿಸಿ ವಾಪಸ್ ಕರೆಸ್ತೀನಿ. ಮಗು ಹುಟ್ಟಿರ್ಲಿ, ಹುಟ್ಟದೇ ಇರ್ಲಿ. ಮಾತು ಅಂದ್ರೆ ಮಾತು. ಹೋಗು ಪೆನಾಯ.”

ತಾತ ಮದುವೆಯ ಅಂಗಿ ತೊಟ್ಟು ಮಧ್ಯಾಹ್ನದ ಹಡಗಿಗೆ ಹೋದ. ಹೋಗುವ ಮುಂಚೆ ಸಲಾಕೆಯನ್ನು ಮರಕ್ಕೆ ಆನಿಸಿಟ್ಟು ನನಗೆ ಹೇಳಿದ: “ಮುಟ್ಬೇಡ. ತುಕ್ಕು, ಕೈ ಕುಯ್ಯುತ್ತೆ.”

ಸೆಪ್ಟೆಂಬರ್ 23, ಶನಿವಾರ

ಮೊದಲ ಗಂಟೆಗೆ ಇನ್ನೇನು ಸ್ವಲ್ಪ ಹೊತ್ತಿದೆ ಅನ್ನುವಾಗ ಬೋರ್ಡಿನ ಹಸಿರು ದೀಪ ಆರಿತು. ವೈರು ಅಲ್ಲಾಡಿಸಿದೆ, ಪ್ಲಗ್ಗು ಕಿತ್ತು ಹಾಕಿದೆ, ಮುಷ್ಟಿಯಿಂದ ಗುದ್ದಿದೆ. ಕರೆಂಟಿಲ್ಲ. ಬ್ಯಾಟರಿ ಟ್ರಕ್ಕಿನಲ್ಲಿದೆ, ಟ್ರಕ್ಕು ಮಲೇಕೊನ ಜೊತೆ ಆಪಿಯಾದಲ್ಲಿದೆ.

ನನ್ನ ಸ್ವಿಚ್ಚಿನಲ್ಲಿ ಇದಕ್ಕೆ ಕೇಸ್ ಇಲ್ಲ. ಡಿಫಾಲ್ಟ್ ಜಾಗದಲ್ಲಿ ಏನಾದರೂ ಬರೆದಿದ್ದರೂ ಉಪಯೋಗವಿರಲಿಲ್ಲ, ಕರೆಂಟಿಲ್ಲದಾಗ ಡಿಫಾಲ್ಟೂ ಓಡುವುದಿಲ್ಲ. ಓಡಿದವಳು ನಾನು.

ಸಲಾಕೆ ತಾತ ಹೇಳಿದಷ್ಟೇ ಹರಿತ. ಮೊದಲ ಗಂಟೆ ಹೊಡೆದೆ. ಮರದ ಹಿಂದೆ ಮುದುರಿ ಕೂತು ಕಾದೆ. ಎರಡನೆಯದು ಹೊಡೆದೆ. ಅವಸರದಲ್ಲಿ ಸ್ವಲ್ಪ ಬೇಗ ಆಯಿತೇನೋ. ಊರು ಗಪ್‌ಚಿಪ್ಪಾಯಿತು. ಮನೆಮನೆಯಿಂದ ಪ್ರಾರ್ಥನೆಯ ಹಾಡು ಬಂತು, ಒಂದು ಮನೆಯ ಹಾಡಿಗೆ ಇನ್ನೊಂದು ಮನೆಯ ಹಾಡು ತಾಗಿಕೊಂಡು. ಗಂಟೆ ಹೊಡೆಯುವ ಜಾಗದಿಂದ ಅದು ಹೀಗೆ ಒಟ್ಟಿಗೆ ಕೇಳುತ್ತದೆಂದು ಗೊತ್ತಿರಲಿಲ್ಲ. ತಾತನಿಗೆ ನಿದ್ದೆ ಬರುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. ನಾನು ನಿದ್ದೆ ಮಾಡಲಿಲ್ಲ. ಮೂರನೆಯದನ್ನೂ ಹೊಡೆದು, ಸಲಾಕೆಯನ್ನು ಇದ್ದ ಹಾಗೇ ಆನಿಸಿಟ್ಟು ಮನೆಗೆ ಬಂದೆ.

ಇದು ನನ್ನ ಜೀವಮಾನದ ಅತ್ಯುತ್ತಮ ಮೋಸ. ಯಂತ್ರದ ಸದ್ದು ಇದೇ ಸಿಲಿಂಡರಿನ ಸದ್ದು, ಯಾರಿಗೆ ವ್ಯತ್ಯಾಸ ಗೊತ್ತಾಗಬೇಕು? ಇಡೀ ಊರನ್ನು ಒಬ್ಬಳೇ ಮೂರು ಸಲ ಏಮಾರಿಸಿದ್ದೇನೆ. ಯಾರಿಗೂ ಹೇಳುವ ಹಾಗಿಲ್ಲ ಅನ್ನುವುದೊಂದೇ ಕೊರಗು. ಕೈಲಿ ಹೊಡೆದದ್ದೂ ತಪ್ಪಿದ ಲೆಕ್ಕ, ಹೇಳಿದರೆ ತಾತ ವಾಪಸ್.

ಅಮ್ಮ ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಮೀನಿನ ಡಬ್ಬಿ ತೆಗೆಯುತ್ತಿದ್ದಳು. “ಮಷೀನು ಚೆನ್ನಾಗ್ ಹೊಡೀತು ಇವತ್ತು,” ಅಂದಳು.

“ಹೂಂ,” ಅಂದೆ, ಅಂಗೈ ಮುಚ್ಚಿಕೊಂಡು. ಎಷ್ಟು ಸಲೀಸಾಗಿ ನಂಬಿದಳು!

ಸೆಪ್ಟೆಂಬರ್ 24, ಭಾನುವಾರ

ಚರ್ಚಿಗೆ ಹೋಗುವ ದಾರಿಯುದ್ದಕ್ಕೂ ಪ್ರಶಂಸೆ. “ನಿನ್ನೆ ಯಂತ್ರ ಭಾರಿ ಚೆನ್ನಾಗಿತ್ತು ಸಿನಿವ!” “ಯಂತ್ರ ಅಂದ್ರೆ ಹಂಗಿರ್ಬೇಕು!” ಬಿಂಗೋ ಹೆಂಗಸರಂತೂ ನಿಂತು ಕೈ ಕುಲುಕಿದರು, ಬಹಳ ಮೆತ್ತಗೆ ಕುಲುಕಿದರು. ಬಾಗಿಲಲ್ಲಿ ಲೆಮಾನ ಸಿಕ್ಕರು.

“ಯಂತ್ರಕ್ಕೆ ನಿನ್ನೆ ಸ್ವಲ್ಪ ಅವಸರ ಇತ್ತು. ಒಂದನೇದಕ್ಕೂ ಎರಡನೇದಕ್ಕೂ ನಡುವೆ ಒಂಚೂರು ಜಾಸ್ತಿ ಬಿಡೋಕೆ ಹೇಳು. ನನ್ ಮಂಡಿ ಹಳೇದು.”

“ಹೇಳ್ತೀನಿ ಯಜಮಾನ್ರೇ.”

“ಕೈಗೆ ತೆಂಗಿನೆಣ್ಣೆ ಹಚ್ಚೋಕೂ ಹೇಳು.”

ಯಂತ್ರಕ್ಕೆ ಕೈ ಎಲ್ಲಿದೆ ಅಂತ ಯೋಚಿಸುತ್ತ ಒಳಗೆ ಹೋಗಿ ಕೂತೆ. ಪಾದ್ರಿಗಳು ಉಪದೇಶ ಶುರುಮಾಡಿದರು. ವಿಪರೀತ ಸೆಕೆ, ಎಲ್ಲರೂ ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ಉಪದೇಶದ ನಡುವೆ ‘ಟಕ್’ ಅಂತ ಸದ್ದಾಯಿತು. ಚರ್ಚಿನ ಎಲ್ಲ ದೀಪಗಳೂ ಹೊತ್ತಿಕೊಂಡವು. ಫ್ಯಾನುಗಳು ನಿಧಾನಕ್ಕೆ ತಿರುಗಲು ಶುರುವಾದವು. ನಿನ್ನೆ ಸಂಜೆಯಿಂದ ಊರಿಗೆ ಊರೇ ಇಲ್ಲದಿದ್ದ ಕರೆಂಟು ಈಗ ಬಂತು.

ಊರಿಗೆ ಊರೇ.

ಎಲ್ಲರೂ ತಲೆಯೆತ್ತಿ ಫ್ಯಾನು ನೋಡಿದರು. ಆಮೇಲೆ ಸಾಲು ಸಾಲಾಗಿ ನನ್ನ ಕಡೆ ತಿರುಗಿದರು. ನಾನು ನೋಡುತ್ತಿದ್ದಂತೆ ಅಷ್ಟೂ ಮುಖಗಳು ಸರಕ್ಕನೆ ಹಾಡಿನ ಪುಸ್ತಕದೊಳಕ್ಕೆ ಇಳಿದವು. ಲೆಮಾನರ ಪುಸ್ತಕ ತಲೆಕೆಳಗಾಗಿತ್ತು. ಅವರ ಹೆಂಡತಿಯ ಭುಜ ಕುಲುಕುತ್ತಿತ್ತು.

ನನ್ನ ಮುಖ ಬಿಸಿಯಾಯಿತು. ಫ್ಯಾನು ಇನ್ನೂ ವೇಗ ಹಿಡಿದಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಸವಾಯಿಯಿಂದ ಫೋನ್ ಬಂತು. ಹೆಣ್ಣುಮಗು. ತಾತ ಎಷ್ಟು ಜೋರಾಗಿ ಕೂಗುತ್ತಿದ್ದನೆಂದರೆ ಫೋನಿನ ಅಗತ್ಯವಿರಲಿಲ್ಲ. “ಇಲ್ಲಿ ಗಂಟೆ ಬೇರೆ ಯಾರೋ ಹೊಡೀತಾರೆ ಕಣೇ! ನಾನು ಸುಮ್ನೆ ಕೂತಿದ್ದೆ! ಮಗು ತೊಡೆ ಮೇಲಿತ್ತು, ಸುಮ್ನೆ ಕೂತಿದ್ದೆ!” ಆಮೇಲೆ ದನಿ ತಗ್ಗಿಸಿದ. “ಅಲ್ಲಿ ಹೆಂಗೆ? ನಿನ್ನೆ ಮಷೀನು ಸರಿಯಾಗಿ ಹೊಡೀತಾ? ನಾನು ವಾಪಸ್ ಬರ್ಬೇಕಾ?”

ನಾನು ಅಮ್ಮನ ಮುಖ ನೋಡಿದೆ. ಮಲೇಕೊ ತಟ್ಟೆ ನೋಡುತ್ತಿದ್ದ. ಅಮ್ಮ ಎಣ್ಣೆ ಹಚ್ಚಿದ ನನ್ನ ಕೈಯಿಂದ ಫೋನು ಬಿಡಿಸಿಕೊಂಡಳು.

“ಹೊಡೀತು ಪೆನಾಯ. ನಾವೆಲ್ಲ ಕೇಳಿಸ್ಕೊಂಡ್ವಲ್ಲ,” ಅಂದಳು. “ನೀನು ನಿಧಾನಕ್ಕೆ ಬಾ.”